ಅವ್ವನ ಮಾತು ತರುವವಳು

ಬ್ಯಾಡಗಿಯ ನಮ್ಮ ಕಾಲೇಜಿನಲ್ಲಿ ಸುಶ್ಮಿತಾಳ ಗೆಳತಿಯಾದರೆ ಇಬ್ಬರ ಮಾತು ಕೇಳಬೇಕಿತ್ತು: ಒಂದು ಅವಳದು, ಇನ್ನೊಂದು ತೀರಿಹೋದ ಅವಳ ಅವ್ವನದು. ಅವ್ವ ದಿನಾ ಬಂದು ತನ್ನೊಡನೆ ಮಾತಾಡುತ್ತಾಳೆ ಎಂದು ಅವಳು ಹೇಳುತ್ತಿದ್ದಳು, ನಾವು ನಂಬಿದ್ದೆವು. ಕದರಮಂಡಲಗಿ ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೇ ಬೇಕು, ಅದು ಅವ್ವನ ಅಪ್ಪಣೆ. ನನ್ನ ಡಬ್ಬಿಯ ಶೇಂಗಾ ಹೋಳಿಗೆಯೂ ಅವಳಿಗೇ, ಅವ್ವನಿಗೆ ಅದು ಇಷ್ಟವಂತೆ. ಯಾರಾದರೂ ಹೊಸ ಗೆಳತಿಯನ್ನು ಮಾಡಿಕೊಂಡರೆ, "ಆಕಿ ಚಲೋ ಅಲ್ಲಂತ ನಮ್ಮವ್ವ ಹೇಳ್ಯಾಳ, ಬಿಟ್ಟಬಿಡು," ಎನ್ನುವಳು. ಬಿಡದಿದ್ದವಳೊಡನೆ ನಾವೆಲ್ಲ ವಾರಗಟ್ಟಲೆ ಮಾತು ಬಿಡಬೇಕು. ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಊರಿಗೆ ಊರೇ ಸೀನುತ್ತದೆ. ಅವಳಿಗೆ ಬೇಡವಾದ ಮಾತಿನ ನಡುವೆ ಯಾರು ಸೀನಿದರೂ ಅದು ಅವ್ವ ಬೇಡವೆಂದ ಹಾಗೆ. ಹೀಗೆ ಮಾತು ಬಿಡಿಸಿಕೊಂಡು ಹೆಚ್ಚು ಅತ್ತವಳು ನಮ್ಮ ಗುಂಪಿನ ಅಂಜಲಿ. ಹೋದ ವರ್ಷ ಅವಳ ತಮ್ಮ ಜ್ವರ ಬಂದು ತೀರಿಕೊಂಡ. ಮತ್ತೆ ಕಾಲೇಜಿಗೆ ಬಂದ ದಿನ ಅವಳು ನೇರವಾಗಿ ಸುಶ್ಮಿತಾಳ ಕೈ ಹಿಡಿದು, "ನಿಮ್ಮವ್ವಗ ಕೇಳು, ನಮ್ಮ ತಮ್ಮ ಅಲ್ಲಿ ಹೆಂಗದಾನ? ನೀ ಏನ್ ಹೇಳಿದ್ರೂ ಮಾಡ್ತೇನಿ," ಎಂದಳು. ಚೆನ್ನಾಗಿದ್ದಾನೆ ಎಂದುಬಿಟ್ಟಿದ್ದರೆ ಅಂಜಲಿ ಜನ್ಮವಿಡೀ ಅವಳ ಆಳಾಗಿರುತ್ತಿದ್ದಳು. ಸುಶ್ಮಿತಾ ತಲೆ ತಗ್ಗಿಸಿದಳು. "ನಮ್ಮವ್ವ ಒಮ್ಮೆನೂ ಮಾತಾಡಿಲ್ಲ, ಅಂಜು. ದಿನಾ ಕರೀತೇನಿ. ಬರಂಗಿಲ್ಲ ಆಕಿ." ಮರುದಿನದಿಂದ ನಾವ್ಯಾರೂ ಅವಳ ಮಾತು ಕೇಳಲಿಲ್ಲ. ಅಂಜಲಿ ಮಾತ್ರ, ಯಾರ ಅಪ್ಪಣೆಯೂ ಇಲ್ಲದೆ, ಅವಳ ಜೊತೆಗೇ ನಡೆಯತೊಡಗಿದಳು.