ಅಕ್ಕಿ ತೂಗಿ ಮೆಸ್ ಉಳಿಸಿದ ಮೈಥಿಲಿ

ಬೆಳಗಿನ ಐದೂವರೆ. ಸಿಂಗಪುರದ ಲಿಟಲ್ ಇಂಡಿಯಾದ ಗಲ್ಲಿಯೊಂದರ ಪುಟ್ಟ ಮೆಸ್‌ನ ಅಡುಗೆಮನೆಯಲ್ಲಿ ಮೈಥಿಲಿ ಅಕ್ಕಿ ತೂಗುತ್ತಿದ್ದಾರೆ. ತೊಳೆಯುವ ಮೊದಲೇ ತೂಗಬೇಕು, ನೀರು ಬಿದ್ದ ಮೇಲೆ ಆ ತೂಕ ಯಾರಿಗೂ ಬೇಡ. ಹದಿನಾಲ್ಕು ಕಿಲೋ ಇನ್ನೂರು ಗ್ರಾಂ. ಫೋನಿನಲ್ಲಿ ಒಂದು ಫೋಟೊ, ಪುಸ್ತಕದಲ್ಲಿ ಒಂದು ಸಹಿ. “ಹತ್ತೊಂಬತ್ತನೇ ದಿನ ಸರ್. ಇನ್ನೆರಡು ದಿನ ಮುಗಿದ್ರೆ ಸಂಧಾನದ ಟೇಬಲ್‌ಗೆ ಹೋಗ್ಬಹುದು,” ಎಂದು ನನಗೆ ಹೇಳುತ್ತಾರೆ. ಒಲೆಯ ಮುಂದೆ ನಿಂತಿರುವ ಮೆಸ್‌ನ ಒಡತಿ ಭಾಗೀರಥಿ ಇತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ಮೈಥಿಲಿಗೆ ನಲವತ್ತಮೂರು. ಮೈಸೂರಿನ ಬಿ.ಕಾಂ. ಗಂಡ ಪ್ರತಾಪ್‌ಗೆ ಇಲ್ಲಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದವರು. “ಇಂಡಿಯಾ ಎಕ್ಸ್‌ಪೀರಿಯನ್ಸ್ ಕೌಂಟ್ ಆಗಲ್ಲ ಅಂತ ಹನ್ನೊಂದು ಆಫೀಸಲ್ಲಿ ರಿಜೆಕ್ಟ್ ಮಾಡಿದ್ರು. ಹನ್ನೆರಡನೇದಕ್ಕೆ ನಾನೇ ಹೋಗ್ಲಿಲ್ಲ.” ಕಾಯಂ ವಾಸದ ಪರವಾನಗಿ, ಪಿಆರ್, ಸಿಕ್ಕ ಮೇಲೆ ಸೆಂಗ್‌ಕಾಂಗ್‌ನ ತಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ನೆಲಮಹಡಿಯ ತೆರೆದ ಜಾಗದಲ್ಲಿ, ಕಲ್ಲುಮೇಜಿನ ಮುಂದೆ ಕೂತು ಸಣ್ಣ ಅಂಗಡಿಗಳ ಲೆಕ್ಕ ಬರೆಯಲು ಶುರು ಮಾಡಿದರು. ಈಗ ಒಂಬತ್ತು ಅಂಗಡಿ. ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡೂ ಇಲ್ಲ.

ಮೆಸ್‌ನ ಕಷ್ಟ ಶುರುವಾದದ್ದು ಆಡಿಟ್‌ನಿಂದ. ತೆರಿಗೆ ಅಧಿಕಾರಿ 2014 ಮತ್ತು 2015ರ ಅಕ್ಕಿ ಬಿಲ್ಲುಗಳನ್ನು ಹರಡಿಕೊಂಡು, ಒಂದು ಊಟಕ್ಕೆ ನೂರು ಗ್ರಾಂ ಎಂದು ಭಾಗಿಸಿದರು. ಇಲ್ಲಿನ ಅಗ್ಗದ ಊಟದಂಗಡಿಗಳ ಸಾಲು, ಹಾಕರ್ ಸೆಂಟರ್‌ನ ಚಿಕನ್ ರೈಸ್ ತಟ್ಟೆಗೆ ಅದು ಸರಿಯೇ ಇರಬಹುದು. ನಮ್ಮವರು ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಅನ್ನ ಹಾಕಿಸಿಕೊಳ್ಳುವವರು ಎಂದು ಪಾಪ, ಅವರಿಗೆ ಹೇಳಿದವರಾರು? ಅರ್ಧಕ್ಕರ್ಧ ಊಟ ಮುಚ್ಚಿಟ್ಟಿದ್ದಾರೆ ಎಂಬ ತೀರ್ಮಾನ ಬಂತು. ತೆರಿಗೆ, ದಂಡ ಸೇರಿ ಮೂವತ್ತೊಂದು ಸಾವಿರ ಡಾಲರ್. ಕಟ್ಟಿದರೆ ಮೆಸ್ ಮುಚ್ಚಬೇಕು. ಕೊನೆಗೆ ಎರಡೂ ಕಡೆಯವರು ನಿವೃತ್ತ ಅಕೌಂಟೆಂಟ್ ಒಬ್ಬರ ಮುಂದೆ ಸಂಧಾನಕ್ಕೆ ಕೂರಲು ಒಪ್ಪಿದರು.

ಸಂಧಾನಕ್ಕೆ ಪುರಾವೆ ಬೇಕು. ನೆರವಿಗೆ ಬಂದ ಮೈಥಿಲಿ ತಟ್ಟೆಯ ಅನ್ನ ತೂಗುತ್ತೇನೆ ಎಂದಾಗ ಭಾಗೀರಥಿ ಸಿಡಿದರು: “ಉಣ್ಣೋರ ತಟ್ಟೆ ನೋಡಬಾರ್ದಮ್ಮ, ದೃಷ್ಟಿ ತಾಗುತ್ತೆ. ಮೆಸ್ ಹೋದ್ರೂ ಸರಿ, ಅದೊಂದು ಬೇಡ.” ಮೈಥಿಲಿ ವಾದಿಸಲಿಲ್ಲ. ಬೆಳಗ್ಗೆ ಹಸಿ ಅಕ್ಕಿ ತೂಗುವುದು, ಊಟ ಮುಗಿದ ಮೇಲೆ ತೊಳೆಯಲು ಬಂದ ತಟ್ಟೆ ಎಣಿಸುವುದು ಎಂದು ದಾರಿ ಬದಲಿಸಿದರು.

ಎಣಿಸಿದ ಮೊದಲ ದಿನವೇ ಬೇರೊಂದು ಸಿಕ್ಕಿಬಿತ್ತು. ದಿನಕ್ಕೆ ಎಂಟ್ಹತ್ತು ಪಾರ್ಸಲ್ ಹೋಗುತ್ತವೆ, ಯಾವುದನ್ನೂ ಎಲ್ಲೂ ಬರೆದಿಲ್ಲ. ಅದನ್ನು ಸಂಧಾನದಲ್ಲಿ ನಾವೇ ಮೊದಲು ಹೇಳಬೇಕು ಎಂದರು ಮೈಥಿಲಿ.

“ನೀನು ಯಾರ ಕಡೆಯವಳೇ? ಅವರು ಕೇಳೇ ಇಲ್ಲ!”

“ಅವರೇ ಕಂಡುಹಿಡಿದ್ರೆ ನನ್ನ ತೂಕಾನೂ ಸುಳ್ಳು ಅಂತಾರೆ ಆಂಟಿ. ಹೇಳಲ್ಲ ಅಂದ್ರೆ ನಾನು ಬರಲ್ಲ.”

ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಭಾಗೀರಥಿ “ಬರ್ಕೋ ಹೋಗು” ಎಂದರಂತೆ. ಅಂದಿನಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು. ನನಗಂತೂ ಈ ಹೆಂಗಸಿನ ಹಟ ಕಂಡು ಹೊಟ್ಟೆಕಿಚ್ಚೇ ಆಯಿತು. ಉಪಕಾರ ಮಾಡಹೋಗಿ ಬೈಸಿಕೊಂಡ ಮೇಲೂ ಐದೂವರೆಗೆ ಬಂದು ನಿಲ್ಲುವುದು ಎಲ್ಲರ ಕೈಲಾಗುವ ಮಾತಲ್ಲ.

ಮುಂದಿನ ವಾರ ಸಂಧಾನದ ಮೇಜಿನ ಮೇಲೆ ಪಾರ್ಸಲ್ ವಿಷಯವೇ ಮೊದಲು ಬರುತ್ತದೆ. ಆಮೇಲೆ ಇಪ್ಪತ್ತೊಂದು ದಿನಗಳ ತೂಕ. ತಟ್ಟೆ, ಪಾರ್ಸಲ್ ಎರಡನ್ನೂ ಸೇರಿಸಿದರೆ ಊಟಕ್ಕೆ ಇನ್ನೂರು ಗ್ರಾಂ. ತೂಗುವ ದಿನಗಳಲ್ಲಿ ಬೇಕೆಂದೇ ಹೆಚ್ಚು ಅಕ್ಕಿ ಹಾಕಿರಬಹುದಲ್ಲ ಎಂದು ಅಧಿಕಾರಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. “ಯಾವತ್ತು ಬೇಕಾದ್ರೂ, ಹೇಳದೇ ಬನ್ನಿ. ನೀವೇ ತೂಗಿ,” ಎನ್ನುತ್ತಾರೆ ಮೈಥಿಲಿ. ಸಂಧಾನಕಾರರಿಗೂ ಅದು ಸರಿ ಕಾಣುತ್ತದೆ. ಗುರುವಾರ ನಸುಕಿನಲ್ಲಿ ಆ ಅಧಿಕಾರಿ ಬಂದೇಬಿಡುತ್ತಾರೆ. ತಾವೇ ತೂಗಿ, ಮಧ್ಯಾಹ್ನದ ಊಟ ಮುಗಿಯುವವರೆಗೆ ನಿಂತು ಎಣಿಸಿ, ಊಟಕ್ಕೆ ನೂರತೊಂಬತ್ತನಾಲ್ಕು ಗ್ರಾಂ ಎಂದು ತಮ್ಮ ಕೈಯಾರೆ ಬರೆದುಕೊಳ್ಳುತ್ತಾರೆ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೂವತ್ತೊಂದು ಸಾವಿರ ರದ್ದಾಯಿತು. ಉಳಿದದ್ದು ಬರೆಯದ ಪಾರ್ಸಲ್‌ಗಳ ತೆರಿಗೆ, ಅದಕ್ಕೊಂದು ಸಣ್ಣ ದಂಡ: ಒಟ್ಟು ನಾಲ್ಕು ಸಾವಿರದ ಇನ್ನೂರು ಡಾಲರ್, ಹನ್ನೆರಡು ಕಂತು. ಒಪ್ಪಂದದ ದಿನ ಬೆಳಗ್ಗೆ ಹತ್ತೂವರೆಗೆ ಭಾಗೀರಥಿ ಸಹಿ ಹಾಕಿದವರೇ, “ಹನ್ನೆರಡಕ್ಕೆ ಎಪ್ಪತ್ತು ಜನ ಬರ್ತಾರೆ” ಎಂದು ಎಂಆರ್‌ಟಿ ರೈಲು ನಿಲ್ದಾಣದ ಕಡೆ ನಡೆದುಬಿಟ್ಟರು. ಮೈಥಿಲಿಗೆ ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಬೇಜಾರಾಗಲಿಲ್ಲವೇ ಎಂದು ಕೇಳಿದೆ.

“ಆಯ್ತು ಸರ್, ಸುಳ್ಳು ಯಾಕೆ ಹೇಳ್ಲಿ,” ಎಂದರು. “ಆದ್ರೆ ಅವತ್ತು ಊಟ ಐದು ನಿಮಿಷಾನೂ ಲೇಟ್ ಆಗ್ಲಿಲ್ಲ.”