ಬೆನ್ನು ಕೊಟ್ಟು ಕೂತ ಪಾಪಮ್ಮ

ಕಚ್ಚಲು ನಿಂತ ನಾಯಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುವ ಹೆಂಗಸನ್ನು ನನ್ನ ಆಯಸ್ಸಿನಲ್ಲಿ ಒಬ್ಬಳನ್ನೇ ಕಂಡಿದ್ದೇನೆ. ಅಟ್ಟೂರಿನ ಪಾಪಮ್ಮ. ಎತ್ತರದ ಆಳು, ಮೊಣಕಾಲಿಗೆ ಎತ್ತಿ ಬಿಗಿದ ಸೀರೆ, ದವಡೆಯಲ್ಲಿ ಸದಾ ಎಲೆಯಡಿಕೆ. ಮನುಷ್ಯರು ಯಾರೇ ಬರಲಿ, ಅವಳಿಗೆ ಏಕವಚನವೇ. ಊರ ಶಾನುಭೋಗರಿಗೂ ‘ಏನಯ್ಯಾ’. ನಾಯಿಗಳಿಗೆ ಮಾತ್ರ ‘ಬನ್ನಿ ಸ್ವಾಮಿ, ಕುಂತ್ಕಳಿ ಸ್ವಾಮಿ’. ಯಾಕಮ್ಮ ಹೀಗೆ ಅಂದರೆ, “ಮನುಸ್ರಿಗೆ ಮರ್ವಾದೆ ಕಮ್ಮಿಯಾದ್ರೆ ಬಾಯ್ಬುಟ್ಟು ಬೈತಾರೆ. ಅವು ಕಚ್ಚೇ ತಿಳಿಸ್ಬೇಕಲ್ಲವ್ವ” ಅನ್ನುತ್ತಿದ್ದಳು.

ಬಿಳಿ ದೊರೆಗಳ ದಂಡಿನ ಕಡೆಯ ಒಂದು ಬಂಗಲೆಯಲ್ಲಿ ದೊರೆಸಾನಿಯ ನಾಯಿಗಳನ್ನು ನೋಡಿಕೊಂಡವಳು ಅವಳು. ದೊರೆಸಾನಿ ಹಡಗು ಹತ್ತಿ ಹೋಗುವಾಗ ಎರಡು ಮುದಿ ನಾಯಿಗಳನ್ನೂ ಒಂದು ಬ್ರಷ್ಷನ್ನೂ ಇವಳ ಕೈಗಿಟ್ಟು ಹೋದಳಂತೆ. ಆಗಿನ ಕಾಲದಲ್ಲಿ ನಾಯಿ ನೋಡಿಕೊಳ್ಳುವುದನ್ನು ಕೆಲಸ ಅಂತ ಯಾರು ಅನ್ನುತ್ತಿದ್ದರು? ‘ನಾಯಿ ಪಾಪಮ್ಮ’ ಅಂದರೆ ಬೈಗುಳ.

ನಾನು ಯಶವಂತಪುರದ ಸ್ಟೇಷನ್ ಹತ್ತಿರ ಹರಿದ ಗೋಣಿಚೀಲ ಹೊಲಿಯುತ್ತಾ ಹೊಲಿಯುತ್ತಾ ಒಂದು ಗೋಡೌನು ಕೊಳ್ಳುವಷ್ಟಾದವಳು. ಜಾಗ ಕೊಳ್ಳುವವರಿಗೆ ನನ್ನದೊಂದು ಕಿವಿಮಾತು: ಮಾರುವವನು ತಾನಾಗಿಯೇ ಬೆಲೆ ಇಳಿಸಿದರೆ ಮೊದಲು ಹಿತ್ತಲು ನೋಡಿ. ನಾನು ನೋಡಲಿಲ್ಲ. ಗೆದ್ದೆ ಅಂತ ಹಿಗ್ಗಿ ಬೀಗದಕೈ ಈಸಿಕೊಂಡೆ. ಹಿತ್ತಲಲ್ಲಿ, ಬಾವಿಗೂ ಚೀಲದ ಕೊಟ್ಟಿಗೆಗೂ ನಡುವೆ, ಸರಪಣಿಯಲ್ಲಿ ಕಟ್ಟಿದ ಕಂದು ನಾಯಿಯೊಂದಿತ್ತು. ಹಳೆಯ ಯಜಮಾನ ಅದನ್ನು ಹಾಗೇ ಬಿಟ್ಟು ಊರು ಬಿಟ್ಟಿದ್ದ. ಹತ್ತಿರ ಹೋದವರ ಮೇಲೆಲ್ಲ ಎಗರುತ್ತಿತ್ತು. ನೀರಿಲ್ಲ, ಚೀಲವಿಲ್ಲ, ವ್ಯಾಪಾರವಿಲ್ಲ. ಗೋಡೆಯಾಚೆಯಿಂದ ಮುದ್ದೆ ಎಸೆದು ಎಸೆದು ಸಾಕಾಯಿತು.

ನನ್ನ ಮೇಸ್ತ್ರಿ ಚಿಕ್ಕಣ್ಣ ವಿಷದ ಉಂಡೆ ಕಟ್ಟಿಕೊಂಡೇ ಬಂದ. “ಇದೊಂದು ಎಸೆದ್ರೆ ಮುಗೀತು ಕಣಕ್ಕ. ಸಂಜೆಗೆ ಹೂತಾಕ್ಬುಡ್ತೀನಿ.” ನನ್ನ ಜೊತೆ ಚೀಲ ಹೊಲಿಯುತ್ತಿದ್ದ ಹೆಂಗಸೊಬ್ಬಳು, “ಸಂಜೆತನಕ ತಡೀರಮ್ಮ, ನಮ್ಮೂರ ಪಾಪಮ್ಮನ್ನ ಕರೆಸ್ತೀನಿ” ಅಂದಳು. ಸಂಜೆತನಕ ಅಂತ ನಾನೂ ಒಪ್ಪಿದೆ. ಉಂಡೆ ಎಲೆಯ ಪೊಟ್ಟಣದಲ್ಲಿ ಗೋಡೆಯ ಮೇಲೆ ಕೂತಿತ್ತು.

ಪಾಪಮ್ಮ ಮಡಿಲ ತುಂಬ ಅವರೆಕಾಯಿ ಕಟ್ಟಿಕೊಂಡು ಬಸ್ಸಿಳಿದು ಬಂದಳು. ಹಿತ್ತಲ ಬಾಗಿಲಲ್ಲಿ ನಿಂತು ನಾಯಿಯನ್ನು ಬಹಳ ಹೊತ್ತು ನೋಡಿದಳು. ಚಿಕ್ಕಣ್ಣ ಕೆಣಕಿದ, “ಏನಜ್ಜಿ, ನಾಯಿಗೆ ಸಂಬಂಧ ನೋಡಕ್ಕೆ ಬಂದ್ಯಾ?”

“ನಿಂಗೇ ನೋಡನಾ ಅಂತ ಬಂದೆ ಕಣ್ಲಾ. ಸ್ವಾಮಿಗಳ ಕಡೆಯೋರು ಒಪ್ತಿಲ್ಲ.”

ಚೀಲ ಹೊಲಿಯುವವರೆಲ್ಲ ಬಿದ್ದೂ ಬಿದ್ದೂ ನಕ್ಕರು. ಅವಳು ನಗಲಿಲ್ಲ. ಸರಪಣಿ ಎಟುಕುವ ಜಾಗಕ್ಕೆ ಹೋಗಿ, ನಾಯಿಗೆ ಬೆನ್ನು ಹಾಕಿ ಕುಕ್ಕರಿಸಿದಳು. ಕಾಯಿ ಸುಲಿಯತೊಡಗಿದಳು. ನಾಯಿ ಬೊಗಳಿತು, ಗುರುಗುಟ್ಟಿತು, ಎಗರಿ ಎಗರಿ ಅವಳ ಸೆರಗಿನ ತುದಿಯವರೆಗೂ ಬಂತು. ಅವಳು ಮಾತ್ರ ಸೊಸೆಯ ಮೇಲೆ ದೂರು ಹೇಳುವವಳ ಹಾಗೆ ಏನೇನೋ ಗೊಣಗುತ್ತಾ ಕಾಳು ಬೇರೆ ಸಿಪ್ಪೆ ಬೇರೆ ಮಾಡುತ್ತಿದ್ದಳು. ಬಿಸಿಲು ವಾಲುವ ಹೊತ್ತಿಗೆ ನಾಯಿ ಅವಳ ಬೆನ್ನಿಗೆ ಮೈ ಆನಿಸಿ ಮಲಗಿತ್ತು. ದೇವರಾಣೆ, ನಾನು ಕೈ ಮುಗಿದುಬಿಟ್ಟೆ.

ಅವಳು ತಿರುಗದೆಯೇ ಕರೆದಳು, “ಈಗ ನೀನು ಬಾ.”

“ನಾನ್ಯಾಕೆ? ಕೂಲಿ ಕೊಡ್ತೀನಲ್ಲಮ್ಮ!”

“ನಾನು ಸಂಜೆ ಬಸ್ಸಿಗೆ ಒಂಟೋಗೋಳು. ಸ್ವಾಮಿಗಳು ಬಾಳಾಟ ಮಾಡಾದು ನಿನ್ ತಾವ. ನನ್ನ ಒಪ್ಕಂಡ್ರೆ ಏನ್ ಬಂತು? ನಿನ್ನ ಒಪ್ದಿದ್ರೆ ಆ ಗ್ವಾಡೆ ಮ್ಯಾಲಿನ ಉಂಡೆ ಇದ್ದೇ ಐತಲ್ಲ.”

ಗೋಡೆಯ ಮೇಲಿನ ಪೊಟ್ಟಣ ಅವಳ ಕಣ್ಣಿಗೂ ಬಿದ್ದಿತ್ತು. ಹೋದೆ. ಅವಳು ಎದ್ದ ಜಾಗದಲ್ಲೇ ಕೂತೆ. ಹಿಂದೆ ಗುರ್ ಅಂತ ಸದ್ದಾಯಿತು. “ಎದರ್ಬ್ಯಾಡ. ತಿರುಗ್ಬ್ಯಾಡ. ಕಾಯಿ ಸುಲಿ,” ಅಂದಳು ಪಾಪಮ್ಮ. ಕಾಳೆಲ್ಲ ಸಿಪ್ಪೆಗೆ, ಸಿಪ್ಪೆಯೆಲ್ಲ ಕಾಳಿಗೆ ಬಿತ್ತು. ಎಷ್ಟು ಹೊತ್ತಾಯಿತೋ. ಕತ್ತಿನ ಮೇಲೆ ಬಿಸಿ ಉಸಿರು ಬಂತು, ಆಮೇಲೆ ಒದ್ದೆ ಮೂಗು. ಆಮೇಲೆ ಆ ನಾಯಿ ಸುತ್ತಿ ಬಂದು, ನನ್ನ ಮಡಿಲಲ್ಲಿ, ಸಿಪ್ಪೆಯ ಮೇಲೆಯೇ ತಲೆಯಿಟ್ಟಿತು.

ಆಗ ಕಂಡಿತು. ಮರಿಯಾಗಿದ್ದಾಗ ಕಟ್ಟಿದ ಚರ್ಮದ ಪಟ್ಟಿ, ಬೆಳೆದ ಕತ್ತಿನ ಮಾಂಸದೊಳಗೆ ಹೂತುಹೋಗಿತ್ತು. “ತಲೆ ವಾರೆ ಮಾಡ್ಕಂಡು ಬೊಗಳಾದು ನೋಡಿದ್ಮ್ಯಾಲೇ ಕತ್ತಿನಾಗೆ ನೋವೈತೆ ಅಂದ್ಕಂಡೆ,” ಅಂದಳು ಪಾಪಮ್ಮ. “ಆ ನಿನ್ ಚೀಲ ಕುಯ್ಯೋ ಚೂರಿ ಕೊಡು.” ನಾನು ತಲೆ ಹಿಡಿದಿದ್ದೆ, ಅವಳು ‘ಒಸಿ ತಡ್ಕಳಿ ಸ್ವಾಮಿ’ ಅನ್ನುತ್ತಾ ಕೂದಲೆಳೆಯಷ್ಟೇ ಕೊಯ್ಯುತ್ತಾ ಹೋದಳು. ಕೀವಿನ ವಾಸನೆಗೆ ಚಿಕ್ಕಣ್ಣ ಮೂಗು ಮುಚ್ಚಿಕೊಂಡು ಓಡಿದ. ನಾಯಿ ಒಂದೇ ಒಂದು ಸಲ ಹಲ್ಲು ತೋರಿಸಿತು. ಅವಳ ಮುಂಗೈಯನ್ನು ಬಾಯಲ್ಲಿ ಹಿಡಿದು, ಒತ್ತದೆ, ಹಾಗೇ ಬಿಟ್ಟಿತು. ಪಟ್ಟಿ ಕಳಚಿ ಬಿದ್ದಾಗ ನಾವಿಬ್ಬರೂ ಅಳುತ್ತಿದ್ದೆವು. ಅರಿಶಿನ, ಹೊಂಗೆಯೆಣ್ಣೆ ಹಚ್ಚಿ ಅವಳು ಎದ್ದಳು. ಉಂಡೆಯನ್ನು ನಾನೇ ಒಲೆಗೆ ಹಾಕಿದೆ.

“ಕೂಲಿ ಏನಮ್ಮ?”

“ಗಂಡುಸ್ರು ನಾಯಿ ನಂದು ಅಂತಾರೆ, ಸರಪಣಿ ಬಿಗೀತಾರೆ. ಅನ್ನ ಆಕೋದು ಎಂಗಸು. ನಾಯಿ ಯಾರ್ದು ಅಂತ ನಾಯಿಗೆ ಗೊತ್ತು. ದಿನಾ ನಿನ್ ಕೈಯ್ಯಾರೆ ಅನ್ನ ಆಕು. ಅದೇ ಕೂಲಿ.”

“ಒಂದೊಂದು ದಿನ ಕೆಲಸದವಳು ಹಾಕಿದ್ರೆ ನಡೆಯುತ್ತಾ?”

“ಇಲ್ಲ.”

ನನ್ನ ಚೌಕಾಸಿ ನಡೆಯದಿದ್ದದ್ದು ಅದೊಂದೇ ಸಲ. ಆದರೆ ಅವತ್ತಿನಿಂದ ನನ್ನ ವ್ಯಾಪಾರದ ದಾರಿಯೇ ಬದಲಾಯಿತು. ನಿಮಗೂ ಹೇಳುತ್ತೇನೆ: ಬೇಕಾದ ಮಾಲಿನ ಮುಂದೆ ಕಣ್ಣರಳಿಸಿ ನಿಲ್ಲಬೇಡಿ. ಬೆನ್ನು ಹಾಕಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಬರುವುದು ಬರುತ್ತದೆ.

ಬರುಬರುತ್ತಾ ಹೆಬ್ಬಾಳದ ದನದ ಡಾಕ್ಟರೇ ಹಟಮಾರಿ ನಾಯಿ ಬಂದಾಗ ಅವಳಿಗೆ ಹೇಳಿಕಳಿಸುವಂತಾಯಿತು. ‘ನಾಯಿ ಪಾಪಮ್ಮ’ ಎಂದು ಬೈಯುತ್ತಿದ್ದವರೇ ಅದೇ ಹೆಸರು ಹೇಳಿ ಮನೆ ಹುಡುಕಿಕೊಂಡು ಬಂದರು.

ಕೊನೆಗೆ ನೋಡಿದ್ದು ಇನ್ನೊಂದು ಅವರೆಕಾಲದಲ್ಲಿ. ಹಾಸಿಗೆ ಹಿಡಿದಿದ್ದಾಳೆ ಅಂತ ಕೇಳಿ ಅಟ್ಟೂರಿಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಸೆ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ಅಳುತ್ತಿದ್ದಳು. “ಯಾರನ್ನೂ ಅತ್ರ ಸೇರಿಸ್ತಿಲ್ಲ ಕಣಮ್ಮ. ಮುಟ್ಟಿದ್ರೆ ಒಡೀತಾರೆ. ಒಂದು ಗುಟುಕು ಇಳಿದಿಲ್ಲ.”

ಮಂಚದ ಪಕ್ಕ ನೆಲದ ಮೇಲೆ, ಅವಳಿಗೆ ಬೆನ್ನು ಕೊಟ್ಟು ಕೂತೆ. ಒಯ್ದಿದ್ದ ಅವರೆಕಾಯಿ ಬಿಚ್ಚಿ, ಮೊರಕ್ಕೆ ಸುರಿದು ಸುಲಿಯತೊಡಗಿದೆ. ಗಂಜಿ ಆರಿತು. ಸೊಸೆ ಬಿಸಿ ಮಾಡಿ ತಂದಳು. ಅದೂ ಆರಿತು. ಮಂಚ ಕಿರ್ ಅಂದಿತು. ಹಿಂದಿನಿಂದ ಒಂದು ಕೈ ಬಂದು ನನ್ನ ಭುಜ ತಡವಿ, ಮೊರದಲ್ಲಿದ್ದ ಕಾಯಿ ಹುಡುಕಿತು. ಚಟ್ ಅಂತ ಒಂದು ಕಾಯಿ ಬಿಡಿಸಿದ ಸದ್ದು.

“ಸ್ವಾಮಿಗಳು ಉಂಡ್ರಾ?”

“ನನ್ನ ಕೈಯ್ಯಾರೆ ಹಾಕೇ ಬಸ್ಸು ಹತ್ತಿದೆ ಕಣಮ್ಮ.”

“ಊಂ,” ಅಂದಳು. “ಅಂಗಾರೆ ಗಂಜಿ ಕೊಡು.”

ನಾನು ತಿರುಗಲಿಲ್ಲ. ಬಟ್ಟಲನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿದೆ.