ಶುಕ್ರವಾರದ ಒಪ್ಪಿಗೆ

ಆ ಶುಕ್ರವಾರ ನಿಮ್ಮ ಪಾಸ್‌ವರ್ಡ್ ಹಾಕಿ ಲಾರಿಯನ್ನು ಹೊರಗೆ ಬಿಟ್ಟವಳು ನಾನು, ಹಮೀದರೇ. ಕಳ್ಳನೆಂಬ ಹೆಸರು ಹೊತ್ತು ಹೊರನಡೆದವರು ನೀವು.

ನಮ್ಮ ಗೇರುಬೀಜ ಕಂಪೆನಿಯಲ್ಲಿ ಬಿಲ್ ಮಾಡುವವಳು ಲೆಕ್ಕ ವಿಭಾಗದ ನಾನು, ಸರಕನ್ನೂ ಆರ್ಡರನ್ನೂ ನೋಡಿ ಒಪ್ಪಿಗೆ ಕೊಡುವವರು ಗೋದಾಮಿನ ನೀವು. ಇಬ್ಬರ ಕಣ್ಣು ಬೀಳದೆ ಒಂದು ಡಬ್ಬವೂ ಗೇಟು ದಾಟಬಾರದು. ಆದರೆ ಪ್ರತಿ ಶುಕ್ರವಾರ ನೀವು ನಮಾಜಿಗೆ ಹೊರಟಾಗ ಹೇಳುತ್ತಿದ್ದಿರಿ— "ವಾರಿಜಕ್ಕ, ಲಾರಿ ಬಂದ್ರೆ ನೀವೇ ಓಕೆ ಮಾಡಿಬಿಡಿ. ಪಾಸ್‌ವರ್ಡ್ ಗೊತ್ತುಂಟಲ್ಲ, ಮಗಳ ಹೆಸರೇ." ಬಂದರಿಗೆ ಹೋಗುವ ಲಾರಿ ಕಾಯಬಾರದೆಂಬ ಕಾಳಜಿ ನಿಮ್ಮದು. ಅದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ನನಗೆ ಅನಿಸಬೇಕಿತ್ತು. ಶೇರುಪೇಟೆಯಲ್ಲಿರುವ ಕಂಪೆನಿ ಕಳವು-ಮೋಸ ತಡೆಯುವ ತನ್ನ ಒಳಗಿನ ನಿಯಂತ್ರಣಗಳು ಸರಿಯಿವೆಯೇ ಎಂದು ಪ್ರತಿವರ್ಷ ಶೇರುದಾರರಿಗೆ ಹೇಳಲೇಬೇಕು. ಆ ಹೇಳಿಕೆ ಬರೆಯುತ್ತಿದ್ದವಳೇ ನಾನು. ಒಮ್ಮೆ ಕಂಪೆನಿ ನಡೆಸುವ ಸಾಹೇಬರ ಮುಂದೆ ಈ ಪಾಸ್‌ವರ್ಡಿನ ವಿಷಯಕ್ಕೆ ಬಾಯಿ ತೆರೆದೆ. "ಅದೆಲ್ಲ ಬರೆದ್ರೆ ಶೇರು ಬೀಳ್ತದೆ ಮಾರಾಯ್ತಿ. ಶುಕ್ರವಾರಕ್ಕೆ ಅಂತ ಇನ್ನೊಬ್ಬನನ್ನು ಇಡುವ ಖರ್ಚು ಬೇರೆ. ಬರೆದು ಯಾರಿಗೆ ಎಂತ ಲಾಭ?" ಎಂದರು. ನಾನೂ ತಲೆಯಾಡಿಸಿದೆ. ಲೆಕ್ಕದವಳಲ್ಲವೇ— ಖರ್ಚು ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲ ಸರಿಯಿದೆ ಎಂದು ಬರೆದೆ.

ಆಮೇಲೆ ಆ ಲಾರಿ. ಆರ್ಡರು ಸುಳ್ಳು, ಗಿರಾಕಿ ಸುಳ್ಳು— ನಾನು ಯಾವುದನ್ನೂ ನೋಡದೆ ಓಕೆ ಒತ್ತಿದ್ದೆ. ಸರಕು ಹೋದದ್ದು ಗೊತ್ತಾದಾಗ ಕಂಪ್ಯೂಟರು ನಿಮ್ಮ ಹೆಸರು ತೋರಿಸಿತು. "ನಾನು ಮಸೀದಿಯಲ್ಲಿದ್ದೆ. ವಾರಿಜಕ್ಕನನ್ನು ಕೇಳಿ," ಎಂದಿರಿ. ಕೇಳಿದರು. ನಾನೇ ಬರೆದಿದ್ದ ಆ ಹೇಳಿಕೆಯ ಸಾಲನ್ನೇ ಪಾಠದ ಹಾಗೆ ಒಪ್ಪಿಸಿದೆ: "ನಮ್ಮಲ್ಲಿ ಯಾರೂ ಇನ್ನೊಬ್ಬರ ಪಾಸ್‌ವರ್ಡ್ ಬಳಸುವುದಿಲ್ಲ."

ನೀವು ನನ್ನ ಮುಖ ನೋಡಿದಿರಿ, ಗೋದಾಮಿನ ಕೀಲಿಕೈ ಮೇಜಿನ ಮೇಲಿಟ್ಟಿರಿ. ನಿಯಂತ್ರಣ ಸರಿಯಿತ್ತು ಎಂದಮೇಲೆ ಮನುಷ್ಯನೇ ಕೆಟ್ಟವನಾಗಬೇಕಲ್ಲ! ನಿಜ ಬರೆದಿದ್ದರೆ ಯಾರಿಗೆ ಲಾಭವೆಂದು ಆಗ ತಿಳಿಯಿತು— ನಿಮಗೆ.

ಈಗ ಕಾವೂರಿನಲ್ಲಿ ನಿಮ್ಮ ಭಾವನ ಬಟ್ಟೆ ಅಂಗಡಿಯಲ್ಲಿ ನೀವು ನಿಂತಿರುವುದು ಬಸ್ಸಿನಿಂದ ಕಾಣುತ್ತದೆ. ನಾನು ಆ ಬದಿಯ ಸೀಟಿನಲ್ಲಿ ಕೂರುವುದಿಲ್ಲ. ನಾಚಿಕೆ— ಅದಕ್ಕಿಂತ ಹೆಚ್ಚು ಹೆದರಿಕೆ. ನಿಮ್ಮ ಮಗಳ ಹೆಸರು ಮಾತ್ರ ನನ್ನ ಬೆರಳುಗಳು ಇನ್ನೂ ಮರೆತಿಲ್ಲ.

ಈ ವರ್ಷ ಆ ಸಾಲನ್ನು ನಾನು ಬರೆಯುವುದಿಲ್ಲ. ನಾಳೆ ನಿರ್ದೇಶಕರ ಸಭೆಯಲ್ಲಿ ಆ ಶುಕ್ರವಾರದ್ದನ್ನು ಒಂದೂ ಬಿಡದೆ ಹೇಳುತ್ತೇನೆ. ಕೆಲಸ ಹೋಗಲಿ, ಪೊಲೀಸರು ಬರಲಿ. ನೀವು ಬರಬೇಡಿ, ಕ್ಷಮಿಸುವುದೂ ಬೇಡ. ಆವತ್ತು ನೀವು ಕೇಳಿಕೊಂಡದ್ದು ಒಂದೇ— ವಾರಿಜಕ್ಕನನ್ನು ಕೇಳಿ ಎಂದು. ನಾಳೆ ಅವರು ಕೇಳದಿದ್ದರೂ ವಾರಿಜ ಹೇಳುತ್ತಾಳೆ.